ತಂಗಳ ರೊಟ್ಟಿಗೆ ಹಸಿರು ಚಹದ ಬಣ್ಣ



ನಮ್ಮ ದಾಮರಗಿದ್ದದ ಕಡೆಯ ಮನೆಗಳಿಗೆ ಈಗ ಹೈದರಾಬಾದು ದೂರದ ಊರಲ್ಲ. ಓದಿಗೆಂದು, ಉದ್ಯೋಗಕ್ಕೆಂದು ಅಲ್ಲಿಗೆ ಹೋದ ಮಕ್ಕಳು ಹಬ್ಬಕ್ಕೆ ಬರುವಾಗ ಹೊಸ ಹೊಸ ಪದಾರ್ಥಗಳನ್ನು ಚೀಲದಲ್ಲಿ ಹೊತ್ತು ತರುತ್ತಾರೆ. ಈಚೆಗೆ ಹಾಗೆ ಬರತೊಡಗಿರುವುದು ‘ಮಾಚಾ’ ಎಂಬ ಹಸಿರು ಪುಡಿ. ಇದನ್ನು ಹಾಲಿನಲ್ಲಿ ಕದಡಿ, ಅದರಲ್ಲಿ ಬ್ರೆಡ್ಡನ್ನು ಅದ್ದಿ, ಹಂಚಿನ ಮೇಲೆ ತುಪ್ಪ ಹಾಕಿ ಬೇಯಿಸಿದರೆ ‘ಫ್ರೆಂಚ್ ಟೋಸ್ಟ್’ ಆಗುತ್ತದೆಂದು ಮಕ್ಕಳು ಹೇಳುತ್ತಾರೆ. ಮದರಂಗಿ ಪುಡಿಯನ್ನು ಯಾರಾದರೂ ತಿನ್ನುವರೇ ಎಂದು ಹಿರಿಯರು ಮೂಗು ಮುರಿಯುತ್ತಾರೆ. ಇಬ್ಬರ ಮಾತಿನಲ್ಲಿಯೂ ಹುರುಳಿದೆಯೇ ಎಂಬುದನ್ನು ಈ ತಿಂಗಳು ಪರಿಶೀಲಿಸೋಣ.

ಮೊದಲಿಗೆ ಈ ತಿಂಡಿಯ ಕುಲಗೋತ್ರವನ್ನು ವಿಚಾರಿಸೋಣ. ಹೆಸರು ಫ್ರಾನ್ಸಿನದಾದರೂ ಇದು ಆ ದೇಶಕ್ಕಿಂತಲೂ ಹಳೆಯದು. ಅಪಿಸಿಯಸ್ಸನ ಹೆಸರಿನಲ್ಲಿ ಉಳಿದುಬಂದಿರುವ ಪ್ರಾಚೀನ ರೋಮನರ ಪಾಕಗ್ರಂಥದಲ್ಲಿಯೇ ರೊಟ್ಟಿಯ ತುಣುಕನ್ನು ಹಾಲಿನಲ್ಲಿ ನೆನೆಸಿ, ಕರಿದು, ಜೇನು ಸುರಿಯುವ ಕ್ರಮವಿದೆ. ಫ್ರೆಂಚರು ಇದನ್ನು ಕರೆಯುವ ಹೆಸರಿಗೆ ‘ಕಳೆದುಹೋದ ರೊಟ್ಟಿ’ ಎಂದರ್ಥ. ಒಣಗಿ ಗಟ್ಟಿಯಾಗಿ ಇನ್ನೇನು ಕೆಟ್ಟಿತೆನ್ನುವ ರೊಟ್ಟಿಯನ್ನು ಮರಳಿ ಪಡೆಯುವ ಉಪಾಯವಿದು. ಕನ್ನಡನಾಡಿನ ಹೋಟೆಲುಗಳಲ್ಲಿ ಇದಕ್ಕೆ ‘ಬಾಂಬೆ ಟೋಸ್ಟ್’ ಎಂಬ ಹೆಸರುಂಟು. ಹಿಂದಿನ ನಿಜಾಮರ ರಾಜ್ಯಕ್ಕೆ ಸೇರಿದ್ದ ನಮ್ಮ ಸೀಮೆಯವರಿಗಂತೂ ಮದುವೆಯೂಟದ ‘ಡಬಲ್ ಕಾ ಮೀಠಾ’ ಗೊತ್ತೇ ಇದೆ. ಬ್ರೆಡ್ಡಿಗೆ ಇಲ್ಲಿ ‘ಡಬಲ್ ರೊಟ್ಟಿ’ ಎನ್ನುತ್ತಾರಾದ್ದರಿಂದ ಆ ಸಿಹಿಗೂ ಅದೇ ಹೆಸರು ಬಂದಿತು.

ಇನ್ನು ನಮ್ಮ ತಾಯಂದಿರು ಮಾಡುವುದೇನು? ತಂಗಳ ಜೋಳದ ರೊಟ್ಟಿಯನ್ನು ಮುರಿದು, ನೀರು ಚಿಮುಕಿಸಿ, ಉಳ್ಳಾಗಡ್ಡಿಯ ಒಗ್ಗರಣೆ ಕೊಡುತ್ತಾರೆ. ಉಳಿದ ಚಪಾತಿಯನ್ನು ಪುಡಿಮಾಡಿ, ಬೆಲ್ಲ ತುಪ್ಪ ಕಲಸಿ ಮಾಲದಿ ಕಟ್ಟುತ್ತಾರೆ. ರೋಮಿನ ಅಡುಗೆಯವನದೂ ನಮ್ಮ ಮನೆಯ ಅವ್ವನದೂ ಬುದ್ಧಿ ಒಂದೇ. ಆದಕಾರಣ ಫ್ರೆಂಚ್ ಟೋಸ್ಟ್ ತಿನ್ನುವುದು ನಾಗರಿಕತೆ, ರೊಟ್ಟಿಯ ಒಗ್ಗರಣೆ ತಿನ್ನುವುದು ಬಡತನ ಎಂದು ಭಾವಿಸುವ ಮಕ್ಕಳಿಗೆ ಈ ಸಂಗತಿಯನ್ನು ತಿಳಿಸಿ ಹೇಳಬೇಕು.

ಹಸಿರು ಪುಡಿಯ ವಿಷಯಕ್ಕೆ ಬರೋಣ. ಮಾಚಾ ಎಂಬುದು ಬೇರಾವುದೋ ಗಿಡಮೂಲಿಕೆಯಲ್ಲ. ನಾವು ದಿನವೂ ಕುಡಿಯುವ ಚಹದ ಗಿಡದ ಎಲೆಯೇ. ಕೊಯ್ಲಿಗೆ ಮೂರು ನಾಲ್ಕು ವಾರ ಮುಂಚೆ ಗಿಡಗಳಿಗೆ ನೆರಳಿನ ಮರೆ ಕಟ್ಟುತ್ತಾರೆ. ಬಿಸಿಲು ಕಡಿಮೆಯಾದಾಗ ಎಲೆಯಲ್ಲಿ ಹಸಿರು ದ್ರವ್ಯ ಹೆಚ್ಚುತ್ತದೆ, ಒಗರು ತಗ್ಗುತ್ತದೆ. ಕೊಯ್ದ ಎಲೆಯನ್ನು ಕೂಡಲೇ ಹಬೆಯಲ್ಲಿ ಬೇಯಿಸಿ ಒಣಗಿಸುತ್ತಾರೆ; ನರ, ಕಡ್ಡಿಗಳನ್ನು ತೆಗೆದು ಬೀಸುವ ಕಲ್ಲಿನಲ್ಲಿ ನುಣ್ಣಗೆ ಬೀಸುತ್ತಾರೆ. ಪುಡಿ ಚಹ ಕುಡಿಯುವ ಪದ್ಧತಿ ಚೀನದ್ದು. 1191ರಲ್ಲಿ ಅಲ್ಲಿಂದ ಮರಳಿದ ಐಸಾಯ್ ಎಂಬ ಬೌದ್ಧ ಭಿಕ್ಷು ಅದನ್ನು ಜಪಾನಿಗೆ ತಂದನು. ಕ್ಯೋಟೋ ನಗರದ ಸಮೀಪದ ಉಜಿ ಇಂದಿಗೂ ಈ ಚಹಕ್ಕೆ ಪ್ರಸಿದ್ಧವಾಗಿದೆ.

ಈಗ ಮಾಡುವ ಕ್ರಮ. ನಾಲ್ಕು ಹೋಳು ಬ್ರೆಡ್ಡಿಗೆ ಅರ್ಧ ಲೋಟ ಹಾಲು, ಎರಡು ಮೊಟ್ಟೆ, ಎರಡು ಚಮಚ ಸಕ್ಕರೆ, ಒಂದು ಸಣ್ಣ ಚಮಚ ಮಾಚಾ, ಚಿಟಿಕೆ ಉಪ್ಪು ಸಾಕು. ಬ್ರೆಡ್ಡು ನಿನ್ನೆಯದಾಗಿದ್ದರೆ ಲೇಸು. ಹೊಸದು ಹಾಲು ಹೀರಿದೊಡನೆ ಮುದ್ದೆಯಾಗುತ್ತದೆ, ಹಳೆಯದು ಹೀರಿಯೂ ನಿಲ್ಲುತ್ತದೆ. ಪುಡಿಯನ್ನು ನೇರವಾಗಿ ಹಾಲಿಗೆ ಸುರಿದರೆ ಗಂಟು ಕಟ್ಟುವುದು. ಆದ್ದರಿಂದ ಅದನ್ನು ಜರಡಿಯಾಡಿಸಿ ಸಕ್ಕರೆಯೊಡನೆ ಬೆರೆಸಿ, ಎರಡು ಚಮಚ ಬೆಚ್ಚಗಿನ ನೀರಿನಲ್ಲಿ ಮೊದಲು ಕದಡಬೇಕು. ಆ ಮೇಲೆ ಹಾಲು, ಮೊಟ್ಟೆ ಸೇರಿಸಿ ಕಡೆಯಬೇಕು. ಹೋಳನ್ನು ಒಂದೊಂದು ಮಗ್ಗುಲಿಗೆ ಅರ್ಧ ನಿಮಿಷ ಅದ್ದಿ, ಹಂಚಿಗೆ ತುಪ್ಪ ಸವರಿ, ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಬೇಯಿಸಿ ಮಗುಚಬೇಕು. ಉರಿ ಜೋರಾದರೆ ಹಸಿರು ಕಂದಾಗುತ್ತದೆ. ಲಿಂಬೆಯ ಹುಳಿ ಬಿದ್ದರೂ ಹಾಗೆಯೇ. ಪಾಲಕದ ಪಲ್ಯ ಹೆಚ್ಚು ಬೆಂದಾಗ ಬಣ್ಣಗೆಡುವ ಕಾರಣವೇ ಇಲ್ಲಿಯೂ ಉಂಟು.

ನಮ್ಮ ವಾಚಕರ ಮನೆಗಳಲ್ಲಿ ಮೊಟ್ಟೆ ಬಳಸದವರು ಅನೇಕರು. ಅವರು ಚಿಂತಿಸಬೇಕಾಗಿಲ್ಲ. ಮೊಟ್ಟೆಯ ಕೆಲಸ ಹಾಲನ್ನು ಬ್ರೆಡ್ಡಿಗೆ ಅಂಟಿಸಿ ಹಿಡಿಯುವುದಷ್ಟೇ; ಎರಡು ಚಮಚ ಕಡಲೆಹಿಟ್ಟು ಆ ಕೆಲಸವನ್ನು ಮಾಡುತ್ತದೆ. ಹಸಿವಾಸನೆ ಹೋಗುವವರೆಗೆ ತುಸು ಹೆಚ್ಚು ಹೊತ್ತು ಬೇಯಿಸಬೇಕು. ಮೇಲೆ ಜೇನಿನ ಬದಲು ಬೆಲ್ಲದ ಪಾಕ ಹಾಕಿದರೆ ಚಹದ ಕಹಿಗೆ ಅದು ಚೆನ್ನಾಗಿ ಹೊಂದುತ್ತದೆ.

ಆದರೆ ಎರಡು ಎಚ್ಚರಿಕೆಯ ಮಾತುಗಳನ್ನು ಹೇಳದೆ ಮುಂದುವರಿಯಲಾರೆವು. ಸಾಮಾನ್ಯ ಚಹದಲ್ಲಿ ನಾವು ಎಲೆಯನ್ನು ಸೋಸಿ ಚೆಲ್ಲುತ್ತೇವೆ. ಮಾಚಾದಲ್ಲಿ ಎಲೆಯನ್ನೇ ತಿನ್ನುತ್ತೇವೆ. ಅದರ ಒಂದು ಗ್ರಾಮಿನಲ್ಲಿ ಸುಮಾರು 30 ಮಿಲಿಗ್ರಾಂ ಕೆಫೀನು ಇರುತ್ತದೆ. ಮಕ್ಕಳಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 3 ಮಿಲಿಗ್ರಾಂ ಮೀರಬಾರದೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಸೂಚಿಸಿದೆ. ಇಪ್ಪತ್ತು ಕಿಲೋ ತೂಗುವ ಮಗು ನಾಲ್ಕೂ ಹೋಳುಗಳನ್ನು ತಾನೊಬ್ಬನೇ ತಿಂದರೆ ಆ ಮಿತಿಯನ್ನು ಮುಟ್ಟಿಬಿಡುತ್ತದೆ. ಒಂದು ಹೋಳು ಸಾಕು, ಅದೂ ಬೆಳಗಿನಲ್ಲಿ. ಸಂಜೆ ಕೊಟ್ಟರೆ ನಿದ್ದೆ ಕೆಟ್ಟೀತು.

ಎರಡನೆಯದು ಇನ್ನೂ ಮುಖ್ಯ. ಚಹದ ಒಗರು ಊಟದಲ್ಲಿನ ಕಬ್ಬಿಣಾಂಶ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಅಂತಹವರು ಚಹವನ್ನಾಗಲಿ ಮಾಚಾವನ್ನಾಗಲಿ ಊಟದ ಜೊತೆಗೆ ಸೇವಿಸದೆ, ಊಟಕ್ಕೂ ಅದಕ್ಕೂ ಒಂದೆರಡು ಗಂಟೆಯ ಅಂತರವಿಡುವುದು ಒಳಿತು.

ಹಸಿರು ಬಣ್ಣವೇ ಬೇಕೆನ್ನುವವರಿಗೆ ಹಿತ್ತಿಲಲ್ಲಿಯೇ ಮಾರ್ಗವುಂಟು. ಎಳೆಯ ನುಗ್ಗೆಸೊಪ್ಪನ್ನು ತೊಳೆದು, ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ, ಪುಡಿಮಾಡಿ, ಜರಡಿಯಾಡಿಸಿ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಇದರಲ್ಲಿ ಕೆಫೀನಿಲ್ಲ, ಕಬ್ಬಿಣಾಂಶವೂ ಸುಣ್ಣದಂಶವೂ ಉಂಟು, ದುಡ್ಡಿನ ಖರ್ಚಂತೂ ಇಲ್ಲವೇ ಇಲ್ಲ. ರುಚಿ ಮಾತ್ರ ಬೇರೆ, ಸೊಪ್ಪಿನ ವಾಸನೆ ಮುಂದಾಗಿರುತ್ತದೆ; ಅರ್ಧ ಚಮಚದಿಂದ ಆರಂಭಿಸಿ, ಏಲಕ್ಕಿ ಸೇರಿಸಿಕೊಳ್ಳಬೇಕು. ಇದನ್ನು ಮಾಚಾ ಎಂದು ಕರೆಯುವ ಅಗತ್ಯವಿಲ್ಲ. ನುಗ್ಗೆಯ ಟೋಸ್ಟೆಂದು ಕರೆದರೆ ಅದಕ್ಕೇನೂ ಮಾನಹಾನಿಯಾಗದು.

ಕೊನೆಯದಾಗಿ, ಅಡುಗೆಯ ಮಾತಿನಲ್ಲಿ ಉಪಾಧ್ಯಾಯರಿಗೇನು ಕೆಲಸವೆಂದು ಕೇಳುವವರಿಗೆ ಉತ್ತರ ಹೇಳಬೇಕು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು, ಗುಲಬರ್ಗಾ ಮೈಸೂರು ರಾಜ್ಯಕ್ಕೆ ಸೇರಿದವು. ನಮ್ಮ ಸೀಮೆ ಮಹಬೂಬನಗರ ಜಿಲ್ಲೆಯೊಡನೆ ಆಂಧ್ರಪ್ರದೇಶದಲ್ಲಿ ಉಳಿಯಿತು. 2014ರಲ್ಲಿ ತೆಲಂಗಾಣವಾಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಕಚೇರಿಯ ಭಾಷೆ ತೆಲುಗು, ಉದ್ಯೋಗದ ಭಾಷೆ ಇಂಗ್ಲಿಷು. ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸಲು ತಂದೆತಾಯಿಗಳು ಹಿಂದೆಮುಂದೆ ನೋಡುತ್ತಾರೆ. ಅವರ ಆತಂಕ ನಮಗೆ ಅರ್ಥವಾಗುತ್ತದೆ. ಹೀಗಿರುವಾಗ ನಮ್ಮ ಅನೇಕ ಮನೆಗಳಲ್ಲಿ ಕನ್ನಡ ದಿನವೂ ತಪ್ಪದೆ ನಡೆಯುವ ಜಾಗ ಅಡುಗೆಮನೆಯೊಂದೇ.

ಹೊಸ ತಿಂಡಿ ಬಂದಾಗ ಹಿರಿಯರು ಅದನ್ನು ಹಳಿದು ಎದ್ದುಹೋದರೆ, ಮಕ್ಕಳು ಅದನ್ನು ಪರಭಾಷೆಯ ಮಾತುಗಳಲ್ಲಿಯೇ ಮಾಡಿಕೊಳ್ಳುತ್ತಾರೆ. ಆ ಜಾಗವೂ ಕೈಬಿಡುತ್ತದೆ. ಬದಲಾಗಿ ಪಕ್ಕದಲ್ಲಿ ಕುಳಿತು ‘ಜರಡಿಯಾಡಿಸು’, ‘ಕದಡು’, ‘ಅದ್ದು’, ‘ಮಗುಚು’ ಎಂದು ಹೇಳಿಕೊಟ್ಟರೆ ಜಪಾನಿನ ಪುಡಿಯೂ ಕನ್ನಡ ಕಲಿಸುತ್ತದೆ. ಮಾಡುವುದರಿಂದ ಕಲಿತದ್ದು ಮರೆಯದೆಂಬುದು ಶಿಕ್ಷಣ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠ. ಗಂಡುಮಕ್ಕಳನ್ನೂ ಒಲೆಯ ಬಳಿಗೆ ಕರೆಯಿರಿ; ಅಳತೆ ತೂಕದ ಲೆಕ್ಕ ಅವರಿಗೂ ಬೇಕು. ಮಾಡಿದ ಕ್ರಮವನ್ನು ಮಗುವಿನ ಕೈಯಿಂದಲೇ ಹತ್ತು ಸಾಲು ಕನ್ನಡದಲ್ಲಿ ಬರೆಯಿಸಿರಿ. ಅದರ ಕೆಳಗೇ ಅಜ್ಜಿಯ ರೊಟ್ಟಿ ಒಗ್ಗರಣೆಯ ಕ್ರಮವನ್ನೂ ಕೇಳಿ ಬರೆದುಕೊಳ್ಳಲಿ. ಹೊಸದು ತಿಂದ ಮಗು ಹಳೆಯದನ್ನು ಮರೆಯಬೇಕೆಂಬ ನಿಯಮವೇನೂ ಇಲ್ಲ. ಎರಡೂ ಒಂದೇ ಹಾಳೆಯಲ್ಲಿ ಇರಲಿ.