ಹೊಳೆಗಿಳಿದವನೇ ಹುಚ್ಚನಲ್ಲ



ಮುಂಗಾರು ಬಲವಾಯಿತೆಂದರೆ ನಮ್ಮ ಪತ್ರಿಕೆಗಳಲ್ಲಿ ಎರಡು ಬಗೆಯ ಸುದ್ದಿಗಳು ತಪ್ಪದೆ ಬರುತ್ತವೆ. ಭರಚುಕ್ಕಿ ಮೈದುಂಬಿದೆ, ಪ್ರವಾಸಿಗರ ದಂಡೇ ನೆರೆದಿದೆ ಎಂಬುದು ಒಂದು. ಎಲ್ಲೋ ಒಂದು ಕೆರೆಯಲ್ಲಿ, ನಾಲೆಯಲ್ಲಿ, ಹೊಳೆಯಲ್ಲಿ ಹುಡುಗರು ನೀರುಪಾಲಾದರು ಎಂಬುದು ಇನ್ನೊಂದು. ಎರಡನ್ನೂ ಒಂದೇ ಲೋಟ ಕಾಫಿಯ ಜೊತೆಗೆ ಓದಿ ಮುಗಿಸಿ, “ಈಗಿನ ಹುಡುಗರಿಗೆ ಹುಚ್ಚು” ಎಂದು ತೀರ್ಪು ಕೊಟ್ಟು ಪತ್ರಿಕೆಯನ್ನು ಮಡಿಸಿಡುತ್ತೇವೆ. ಈ ತೀರ್ಪು ತಪ್ಪೆಂಬುದು ನನ್ನ ವಾದ. ತಪ್ಪು ಮಾತ್ರವಲ್ಲ, ಅದು ಮಕ್ಕಳ ಜೀವಕ್ಕೆ ಎರವಾಗುವ ತೀರ್ಪು.

ಇದನ್ನು ಬರೆಯಲು ಕಾರಣವುಂಟು. ಗುಂಡ್ಲುಪೇಟೆಯಲ್ಲಿ ಅಂಗಡಿ ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಮಳೆಗಾಲದಲ್ಲಿ ಮನೆಗೆ ಬಂದಿದ್ದ. ಅವನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಪ್ರತಿ ಆಷಾಢ ಶ್ರಾವಣಗಳಲ್ಲಿ ನಾಲ್ವರು ಸ್ನೇಹಿತರೊಡನೆ ಕಯಾಕ್ ಎಂಬ ಸಣ್ಣ ದೋಣಿಗಳನ್ನು ಕಾರಿನ ನೆತ್ತಿಯ ಮೇಲೆ ಕಟ್ಟಿಕೊಂಡು, ನಮ್ಮ ಊರಿನ ಮೇಲೆಯೇ ಹಾದು, ಕೇರಳದ ಹೊಳೆಗಳಿಗೆ ಹೋಗುತ್ತಾನಂತೆ. “ಮೇಷ್ಟ್ರೇ, ನೀವಾದ್ರೂ ಅವನಿಗೆ ಬುದ್ಧಿ ಹೇಳಿ. ಅವನ ತಾಯಿ ಊಟ ಬಿಟ್ಟು ಕೂತವ್ಳೆ” ಎಂದ. ನೋಡದೆ ಬುದ್ಧಿ ಹೇಳುವುದು ನನ್ನ ಪದ್ಧತಿಯಲ್ಲ. “ನಾನೂ ಬರುತ್ತೇನೆಂದು ಹೇಳು” ಎಂದೆ. ಹಾಗೆ ಆ ಹುಡುಗರ ಕಾರಿನಲ್ಲಿ ನಾನೂ ಒಂದು ಮೂಲೆ ಹಿಡಿದು ಕುಳಿತೆ.

ನಮ್ಮ ಸೀಮೆ ಮಳೆನೆರಳಿನದು. ಗುಂಡ್ಲು ಹೊಳೆಯಲ್ಲಿ ವರ್ಷದ ಬಹುಕಾಲ ನೀರಿಗಿಂತ ಮರಳೇ ಹೆಚ್ಚು. ಆದರೆ ಬಂಡೀಪುರದ ಕಾಡು ದಾಟಿ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟಗಳನ್ನು ಕಳೆದು ತಾಮರಶ್ಶೇರಿ ಘಟ್ಟ ಇಳಿದರೆ ಲೋಕವೇ ಬೇರೆ. ಕಾಡಿನ ದಾರಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನಗಳಿಗೆ ಮುಚ್ಚಿರುವುದರಿಂದ ಬೆಳಗಾದ ಮೇಲೆಯೇ ಹೊರಟೆವು. ಘಟ್ಟದ ಬುಡದಾಚೆ ಕೋಡಂಚೇರಿ ಎಂಬ ಊರು. ಅಲ್ಲಿನ ಚಾಲಿಪ್ಪುಳ, ಇರುವಞ್ಞಿಪ್ಪುಳ ಎಂಬ ಹೊಳೆಗಳು ಚಾಲಿಯಾರ್ ನದಿಯನ್ನು ಸೇರುತ್ತವೆ. 2013ರಲ್ಲಿ ಅಲ್ಲಿ ಮಲಬಾರ್ ನದಿ ಉತ್ಸವ ಎಂಬ ಕಯಾಕ್ ಸ್ಪರ್ಧೆ ಆರಂಭವಾಯಿತು. ಬಿಳಿನೊರೆಯ ರಭಸದ ನೀರಿನಲ್ಲಿ ದೋಣಿ ನಡೆಸಲು ದೇಶವಿದೇಶಗಳ ಯುವಕ ಯುವತಿಯರು ಅಲ್ಲಿಗೆ ಬರುತ್ತಾರೆ. ಅತಿ ವೇಗದ ಗಂಡಸಿಗೆ ‘ರ‍್ಯಾಪಿಡ್ ರಾಜ’, ಹೆಂಗಸಿಗೆ ‘ರ‍್ಯಾಪಿಡ್ ರಾಣಿ’ ಎಂಬ ಬಿರುದು. ನಾವು ಹೋದದ್ದು ಉತ್ಸವಕ್ಕಲ್ಲ, ಬರಿಯ ಹೊಳೆಗೆ.

ಅಲ್ಲಿ ನಾನು ಕಂಡದ್ದು ಹುಚ್ಚನ್ನಲ್ಲ. ಒಂದು ಶಿಸ್ತಿನ ಪಾಠಶಾಲೆಯನ್ನು. ಕಾರಿನಿಂದ ಇಳಿದವರು ನೇರ ನೀರಿಗೆ ಹಾರಲಿಲ್ಲ. ಮುಕ್ಕಾಲು ಗಂಟೆ ದಡದುದ್ದಕ್ಕೂ ನಡೆದರು. ಯಾವ ಬಂಡೆಯ ಮರೆಯಲ್ಲಿ ನೀರು ಹಿಮ್ಮುಖವಾಗಿ ತಿರುಗಿ ಶಾಂತವಾಗಿದೆ, ಅಲ್ಲಿ ದೋಣಿ ನಿಲ್ಲಿಸಿ ಉಸಿರು ತೆಗೆದುಕೊಳ್ಳಬಹುದೇ. ಎಲ್ಲಿ ಉರುಳಿದ ಮರದ ಕೊಂಬೆಗಳ ನಡುವೆ ನೀರು ಸೋಸಿ ಹೋಗುತ್ತಿದೆ, ಅಲ್ಲಿ ಮನುಷ್ಯ ಸಿಕ್ಕಿಕೊಂಡರೆ ಗತಿಯೇನು. ಎಲ್ಲಿ ಬಂಡೆಯ ಬುಡ ಕೊರೆದು ಹೋಗಿದೆ – ಇವನ್ನೆಲ್ಲ ಒಬ್ಬರಿಗೊಬ್ಬರು ತೋರಿಸಿ ಮಾತಾಡಿಕೊಂಡರು. ತಲೆಗೆ ಹೆಲ್ಮೆಟ್, ಮೈಗೆ ಲೈಫ್ ಜಾಕೆಟ್. ಇಬ್ಬರು ಹಗ್ಗ ತುಂಬಿದ ಚೀಲ ಹಿಡಿದು ಕೆಳಗಿನ ತಿರುವಿನಲ್ಲಿ ನಿಂತ ಮೇಲೆಯೇ ಮೂರನೆಯವನು ನೀರಿಗಿಳಿದದ್ದು. ದೋಣಿ ಮಗುಚಿದರೆ ಹೊರಬೀಳದೆ, ಸೊಂಟದ ಬಲದಿಂದಲೂ ಹುಟ್ಟಿನ ಅಲಗಿನಿಂದಲೂ ಮತ್ತೆ ಮೇಲೇಳುವ ಒಂದು ವಿದ್ಯೆಯಿದೆ. ಅದನ್ನು ಅವರು ಎರಡು ಬೇಸಿಗೆ ನಿಂತ ನೀರಿನಲ್ಲಿ ಅಭ್ಯಾಸ ಮಾಡಿದ ಮೇಲೆ ಮಳೆಗಾಲದ ನೀರು ಮುಟ್ಟಿದರಂತೆ.

ಮರುದಿನ ಮಳೆ ಹೆಚ್ಚಾಗಿ ಹೊಳೆ ಕೆಂಪಾಯಿತು. ಐವರೂ ದಡದಲ್ಲಿ ನಿಂತು ನೋಡಿದರು. ಅವರಲ್ಲಿ ಒಬ್ಬಳು ಹುಡುಗಿ, “ಇವತ್ತು ಬೇಡ” ಎಂದಳು. ಯಾರೂ ವಾದಿಸಲಿಲ್ಲ, ಯಾರೂ ಗೇಲಿ ಮಾಡಲಿಲ್ಲ. ಒಬ್ಬರು ಬೇಡವೆಂದರೂ ಎಲ್ಲರೂ ಇಳಿಯಬಾರದೆಂಬುದು ಅವರ ನಿಯಮ. ದೋಣಿಗಳನ್ನು ಮತ್ತೆ ಕಾರಿಗೆ ಕಟ್ಟಿದರು. ನೂರಾರು ಮೈಲಿ ಬಂದು, ಖರ್ಚು ಮಾಡಿ, ಸ್ನೇಹಿತರ ಎದುರಿನಲ್ಲಿ ಹಿಂತಿರುಗುವ ಧೈರ್ಯವಿದೆಯಲ್ಲ, ಅದು ನೀರಿಗೆ ಹಾರುವ ಧೈರ್ಯಕ್ಕಿಂತ ದೊಡ್ಡದು.

ಈಗ ಇನ್ನೊಂದು ಕಡೆಗೆ ನೋಡೋಣ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಅವರು ದೋಣಿ ನಡೆಸುತ್ತಿರಲಿಲ್ಲ. ಬಂಡೆಗಳ ಮೇಲೆ ನಿಂತು ಚಿತ್ರ ತೆಗೆಯುತ್ತಿದ್ದರು. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಡಲಾಗಿತ್ತು. 2023ರ ಜುಲೈನಲ್ಲಿ ಕೊಲ್ಲೂರಿನ ಬಳಿಯ ಅರಸಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕ ಜಾರಿಬಿದ್ದ. ಆ ಕ್ಷಣವನ್ನು ಮೊಬೈಲು ಸೆರೆಹಿಡಿಯುತ್ತಿತ್ತು. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಸಮೀಪ ವಿಹಾರಕ್ಕೆ ಬಂದ ಒಂದೇ ಕುಟುಂಬದ ಐವರು ನೀರುಪಾಲಾದರು. ಇವರಾರೂ ಸಾಹಸಿಗಳೆಂದು ಹೊರಟವರಲ್ಲ. ನಮ್ಮ ನಿಮ್ಮಂತೆ ಬುತ್ತಿ ಕಟ್ಟಿಕೊಂಡು ನೀರು ನೋಡಲು ಹೋದವರು. ಅವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಏರುವ ನೀರಿನ ಲಕ್ಷಣವೇನೆಂದು ಅವರಿಗೆ ಯಾವ ಶಾಲೆಯೂ ಕಲಿಸಿರಲಾರದು ಎಂಬ ಸಂಕಟದಿಂದ ಹೇಳುತ್ತಿದ್ದೇನೆ.

ಗಣಿತದ ಮೇಷ್ಟ್ರಾದ್ದರಿಂದ ಒಂದು ಲೆಕ್ಕ ಕೊಡುತ್ತೇನೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28.3 ಲೀಟರು. ‘ಒಂದು ಲಕ್ಷ ಕ್ಯೂಸೆಕ್ ಬಿಡುಗಡೆ’ ಎಂದು ಪತ್ರಿಕೆಯಲ್ಲಿ ಓದಿದಾಗ ಅದರ ಅರ್ಥ, ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಮಿಕ್ಕ ನೀರು. ಹತ್ತು ಟನ್ ಹೊರುವ ಲಾರಿಗಳಾದರೆ ಸೆಕೆಂಡಿಗೆ 283 ಲಾರಿಗಳು ನಿಮ್ಮ ಮುಂದೆ ಹಾದುಹೋದಂತೆ! 2018ರ ಆಗಸ್ಟಿನಲ್ಲಿ ಕೆ.ಆರ್.ಎಸ್., ಕಬಿನಿಗಳಿಂದ ಬಿಟ್ಟ ನೀರು ಕೊಳ್ಳೇಗಾಲ ತಾಲ್ಲೂಕಿನ ದಾಸನಪುರದ ಮನೆಗಳಿಗೆ ನುಗ್ಗಿದ್ದನ್ನೂ, ಶಿವನಸಮುದ್ರದ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋದದ್ದನ್ನೂ ನೀವು ಮರೆತಿರಲಾರಿರಿ. ಇನ್ನೊಂದು ಸೂತ್ರ: ನೀರಿನ ವೇಗ ಎರಡರಷ್ಟಾದರೆ ಅದರ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಆದ್ದರಿಂದಲೇ ಮೊಣಕಾಲುದ್ದದ ನೀರೂ ಗಟ್ಟಿಮುಟ್ಟಾದ ಗಂಡಸನ್ನು ಕೆಡವಬಲ್ಲದು. ರೈಲುಗಳ ವೇಗದ ಲೆಕ್ಕವನ್ನು ಮಕ್ಕಳಿಂದ ಸಾವಿರ ಸಲ ಮಾಡಿಸುವ ನಾವು ಈ ಲೆಕ್ಕವನ್ನು ಒಮ್ಮೆಯಾದರೂ ಮಾಡಿಸಿದ್ದೇವೆಯೇ?

ಬಹಳ ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಊರಿನ ಕೆರೆಯಲ್ಲಿ ಏಳನೆಯ ತರಗತಿಯ ಇಬ್ಬರು ಹುಡುಗರು ಮುಳುಗಿದರು. ಒಬ್ಬ ಜಾರಿ ಬಿದ್ದ, ಅವನನ್ನು ಎಳೆಯಲು ಹೋದ ಇನ್ನೊಬ್ಬನೂ ಹೋದ. ದಡದಲ್ಲಿ ದನದ ಹಗ್ಗವೊಂದು ಬಿದ್ದಿತ್ತು. ಎಸೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯುವಂತೆ ಯಾರೂ ಕಲಿಸಿರಲಿಲ್ಲ. ಮರುವಾರದ ಸಭೆಯಲ್ಲಿ, ಊರಿನ ಬೆಸ್ತರ ಹಿರಿಯರೊಬ್ಬರನ್ನು ಕರೆಸಿ ಮಕ್ಕಳಿಗೆ ಈಜು ಕಲಿಸೋಣವೆಂದು ನಾನು ಕೇಳಿಕೊಂಡೆ. “ಹೆಚ್ಚುಕಡಿಮೆಯಾದರೆ ಯಾರು ಹೊಣೆ?” ಎಂಬ ಪ್ರಶ್ನೆ ಬಂತು. ಕೆರೆಯ ಕಡೆಗೆ ಹೋಗಕೂಡದೆಂಬ ಒಂದು ಸೂಚನೆ ಫಲಕದ ಮೇಲೆ ಅಂಟಿತು. ಅಲ್ಲಿಗೆ ಎಲ್ಲರ ಹೊಣೆಯೂ ಮುಗಿಯಿತು. ಮಕ್ಕಳು ಮುಂದಿನ ಬೇಸಿಗೆಗೂ ಕೆರೆಗೆ ಹೋದರು, ಈ ಬಾರಿ ಕದ್ದು ಹೋದರು. ಕದ್ದು ಹೋದ ಮಗು ಕೂಗಿಕೊಳ್ಳಲೂ ಹೆದರುತ್ತದೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವ ವಿವೇಕವೆಂದರೆ ಇದೇ.

ನನ್ನ ವಾದಕ್ಕೆ ಬರುವ ಆಕ್ಷೇಪಗಳನ್ನೂ ಬಲ್ಲೆ. “2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋದ ಮೇಲೂ ಮಳೆಗಾಲದ ಹೊಳೆಯ ಆಟವನ್ನು ಹೊಗಳುತ್ತೀರಾ?” ಎಂದು ಬಂಧುವೊಬ್ಬರು ಕೇಳಿದರು. ಆ ದುರಂತದಲ್ಲಿ ಹಲವರ ದೇಹಗಳು ಹರಿದುಹೋಗಿ ಸಿಕ್ಕಿದ್ದು ಅದೇ ಚಾಲಿಯಾರ್ ನದಿಯಲ್ಲಿ. ನೆನೆದರೆ ಮೈ ನಡುಗುತ್ತದೆ. ಆದರೆ ಅಂದು ಹೋದವರು ಮನೆಗಳಲ್ಲಿ ಮಲಗಿದ್ದವರು. ನೀರು ಮನೆಯ ಬಾಗಿಲಿಗೇ ಬರುತ್ತದೆ; ಹೊಳೆಯ ಕಡೆ ಹೋಗದಿದ್ದರೆ ಸಾಕೆಂಬ ನಂಬಿಕೆಗೆ ಅದಕ್ಕಿಂತ ಕ್ರೂರವಾದ ಉತ್ತರ ಬೇಕೇ?

“ಇದು ಹಣವಂತರ ಆಟ” ಎಂಬುದು ಎರಡನೆಯ ಆಕ್ಷೇಪ. ಕಯಾಕ್ ದುಬಾರಿಯೇ, ಒಪ್ಪುತ್ತೇನೆ. ಆದರೆ ನೀರನ್ನು ಓದುವ ವಿದ್ಯೆ ಹಣವಂತರದಲ್ಲ, ಹೊರಗಿನದೂ ಅಲ್ಲ. ನಮ್ಮ ಜಿಲ್ಲೆಯ ಅಂಚಿನ ಹೊಗೆನಕಲ್ಲಿನಲ್ಲಿ ಹರಿಗೋಲಿನವನು ಒಂದೇ ಹುಟ್ಟಿನಿಂದ, ಬಂಡೆಗಳ ಸಂದಿಯಲ್ಲಿ, ಸುಳಿ ತಪ್ಪಿಸಿ ದೋಣಿ ನಡೆಸುವುದನ್ನು ನೋಡಿ. ಕಯಾಕೂ ಅಂಥದೇ: ಹಿಮದ ನಾಡಿನ ಇನ್ಯೂಟ್ ಬೇಟೆಗಾರರು ಸೀಲ್ ಪ್ರಾಣಿಯ ಚರ್ಮ ಹೊದಿಸಿ ಕಟ್ಟಿದ ಬಡವರ ದೋಣಿ. ನಮ್ಮ ಹರಿಗೋಲೂ ಬಿದಿರಿನ ಹಂದರಕ್ಕೆ ಚರ್ಮ ಹೊದಿಸಿದ್ದೇ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನವರಂಥ ವಚನಕಾರರನ್ನು ಕಂಡ ನಾಡು ಇದು. ಅಂಬಿಗನ ವಿದ್ಯೆಯನ್ನು ವಿದ್ಯೆಯೆಂದು ಒಪ್ಪದೆ, ಹೊಳೆ ದಾಟಿದ ಮೇಲೆ ಅವನನ್ನು ಮರೆತವರು ನಾವು.

“ಈಜುಕೊಳವಿಲ್ಲ, ಅನುದಾನವಿಲ್ಲ” ಎಂಬುದು ಮೂರನೆಯದು. ನಮಗಿಂತ ಹೆಚ್ಚು ನೀರಿನ ನಡುವೆ ಬಾಳುವ ಬಾಂಗ್ಲಾದೇಶದಲ್ಲಿ ಹಳ್ಳಿಯ ಕೊಳಗಳಲ್ಲಿಯೇ ಬಿದಿರಿನ ಅಟ್ಟಣೆ ಕಟ್ಟಿ ಸಾವಿರಾರು ಮಕ್ಕಳಿಗೆ ಈಜು ಕಲಿಸಿದ್ದಾರೆ. ಬಿದಿರಿಗೆ ನಮ್ಮಲ್ಲಿ ಬರವೇ? ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು. ಶಾಲೆಯ ಮಕ್ಕಳಿಗೆ ಈಜು ಮತ್ತು ಸುರಕ್ಷಿತವಾಗಿ ಕಾಪಾಡುವ ಕ್ರಮ ಕಲಿಸಬೇಕೆಂಬುದು ಅದೇ ಸಂಸ್ಥೆಯ ಶಿಫಾರಸು. 2021ರಲ್ಲಿ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗಡೆ ತಡೆಯುವ ದಿನವೆಂದು ಸಾರಿತು. ನಮ್ಮ ಮಳೆಗಾಲದ ನಟ್ಟನಡುವಿನ ದಿನ! ಆದರೂ ನಾನು ನೋಡಿದ ಯಾವ ಶಾಲೆಯ ಆಚರಣೆಗಳ ಪಟ್ಟಿಯಲ್ಲಿಯೂ ಅದು ಕಾಣಲಿಲ್ಲ.

ನಿಷೇಧಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ನೀರು ಏರಿದಾಗ ಹೊಗೆನಕಲ್ಲಿನಲ್ಲಿ ಹರಿಗೋಲು ನಿಲ್ಲಿಸುವುದು ಸರಿಯೇ. ಅದನ್ನು ಮೊದಲು ಒಪ್ಪುವವರು ಈ ಕಯಾಕಿನ ಹುಡುಗರೇ. ಲೈಫ್ ಜಾಕೆಟ್ಟಿನ ಗುಂಡಿಯನ್ನೂ ಸರಿಯಾಗಿ ಹಾಕಿಸದೆ, ದುಡ್ಡು ಪಡೆದು ಪ್ರವಾಸಿಗರನ್ನು ರಭಸದ ನೀರಿಗೆ ತಳ್ಳುವವರನ್ನು ತಡೆಯಲೇಬೇಕು. ಆದರೆ ನಿಷೇಧ ಪಾಠಕ್ಕೆ ಬದಲಿಯಲ್ಲ. ಫಲಕ ನೀರಿಗೆ ಬಿದ್ದವನಿಗೆ ಕೈ ಕೊಡುವುದಿಲ್ಲ.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ, ಪಂಚಾಯಿತಿ ಸದಸ್ಯರಾಗಿದ್ದೀರಿ, ಎಲ್ಲಕ್ಕೂ ಮಿಗಿಲಾಗಿ ತಂದೆತಾಯಿಯರಾಗಿದ್ದೀರಿ. ಈ ಹಳೆಯ ಮೇಷ್ಟ್ರ ಮನೆಗೆಲಸ ಇಷ್ಟೇ. ಮಕ್ಕಳಿಗೆ ನಾಲ್ಕು ಮಾತು ಕಲಿಸಿ. ಮುಳುಗುವವನ ಬಳಿಗೆ ಈಜಿ ಹೋಗಬೇಡ. ದಡದಿಂದಲೇ ಕೋಲು ಚಾಚು, ಹಗ್ಗ ಎಸೆ, ಸೀರೆ ಎಸೆ, ಮುಚ್ಚಳ ಹಾಕಿದ ಖಾಲಿ ಕ್ಯಾನಾದರೂ ಎಸೆ. ಹೊಳೆಯ ಪಾಲಾದರೆ ಎದ್ದು ನಿಲ್ಲಲು ಹೆಣಗಬೇಡ, ಕಾಲು ಬಂಡೆಯ ಸಂದಿಗೆ ಸಿಕ್ಕೀತು. ಅಂಗಾತ ಮಲಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಮೇಲೆತ್ತಿ ತೇಲು. ಒಡ್ಡಿನ ಕೆಳಗೆ ಇಳಿಯಬೇಡ. ಅಲ್ಲಿ ಬಿದ್ದ ನೀರು ಹಿಂದಕ್ಕೇ ತಿರುಗಿ, ತೇಲುವ ಮರದ ದಿಮ್ಮಿಯನ್ನೂ ಬಿಡದೆ ಸುತ್ತಿಸುತ್ತದೆ. ನೀರು ದಿಢೀರನೆ ಕೆಂಪಾದರೆ, ಕಸಕಡ್ಡಿ ಹೊತ್ತು ತಂದರೆ, ಚಪ್ಪಲಿಯ ಆಸೆ ಬಿಟ್ಟು ಮೇಲಕ್ಕೆ ಓಡು.

ಹೆಣ್ಣುಮಕ್ಕಳಿಗೆ ಮೊದಲು ಕಲಿಸಿ. ಬಟ್ಟೆ ಒಗೆಯಲು ಕೆರೆಗೆ, ಕಾಲುವೆಗೆ ಹೋಗುವವರು ಅವರೇ. ಈಜು ಬಾರದವರಲ್ಲಿಯೂ ಅವರೇ ಹೆಚ್ಚು.

ಆ ಹುಡುಗನ ತಂದೆಗೆ ನಾನು ಹೇಳಿದ್ದು: “ಮಗನನ್ನು ತಡೆಯಬೇಡ. ಮುಂದಿನ ಬೇಸಿಗೆಗೆ ಅವನನ್ನೂ ಅವನ ಸ್ನೇಹಿತರನ್ನೂ ನಾಲ್ಕು ದಿನ ಊರಿಗೆ ಕರೆಸು. ಹಗ್ಗದ ಚೀಲ ಎಸೆಯುವುದನ್ನು ನಮ್ಮ ಶಾಲೆಯ ಮಕ್ಕಳಿಗೆ ತೋರಿಸಿಕೊಡಲಿ.” ಅವನಿನ್ನೂ ಉತ್ತರ ಕೊಟ್ಟಿಲ್ಲ. ನಿಮ್ಮ ಊರಿನ ಶಾಲೆಗೆ ಅವರನ್ನು ಕರೆಸಲು ಒಪ್ಪುವವರಿದ್ದರೆ ನನಗೆ ತಿಳಿಸಿ. ಅಲ್ಲಿಯವರೆಗೆ ನಿಮ್ಮ ಊರ ಕೆರೆಯ ಸೋಪಾನದ ಬಳಿ ಇಪ್ಪತ್ತು ಮಾರು ಹಗ್ಗವನ್ನೂ ಒಂದು ಖಾಲಿ ಕ್ಯಾನನ್ನೂ ಒಂದು ಕಂಬಕ್ಕೆ ಕಟ್ಟಿಡಿ. ಅದಕ್ಕೆ ಯಾರ ಅನುಮತಿಯೂ ಬೇಕಾಗಲಾರದು.