ಮರದ ಗಾಯ ಮಾಯುವುದಿಲ್ಲ: ಸಿಮೆಂಟ್ ತುಂಬುವ, ಡಾಂಬರು ಬಳಿಯುವ, ತಲೆ ಬೋಳಿಸುವ ಸಲಹೆಗಳು ಎಷ್ಟು ಸರಿ?

ಏಪ್ರಿಲ್‌, ಮೇ ತಿಂಗಳ ಗಾಳಿಮಳೆ ಶುರುವಾದರೆ ಸಾಕು, ಬಿದ್ದ ಮರಗಳ ವಿಡಿಯೊಗಳ ಜೊತೆಗೆ ಸಲಹೆಗಳ ಫಾರ್ವರ್ಡ್‌ಗಳೂ ಬರತೊಡಗುತ್ತವೆ. ‘ಟೊಳ್ಳಾದ ಮರ ಯಾವ ಕ್ಷಣದಲ್ಲಾದರೂ ಬೀಳಬಹುದು, ಪೊಟರೆಗೆ ಸಿಮೆಂಟ್ ತುಂಬಿಸಿ.’ ‘ಕೊಂಬೆ ಕಡಿದ ಜಾಗಕ್ಕೆ ಡಾಂಬರು ಬಳಿಯದಿದ್ದರೆ ಮರ ಕೊಳೆಯುತ್ತದೆ.’ ‘ಮಳೆಗಾಲಕ್ಕೆ ಮುಂಚೆ ಮರದ ತಲೆ ಬೋಳಿಸಿದರೆ ಅಪಾಯವಿಲ್ಲ.’ ಇಂಥದ್ದೇ ಒಂದು ಸಂದೇಶವನ್ನು ನಮಗೆ ಕಳುಹಿಸಿದ ಓದುಗರೊಬ್ಬರು ಜೊತೆಗೊಂದು ಫೋಟೊ ಹಾಕಿದ್ದರು. ಮಕ್ಕಳ ಶಾಲೆಯ ಗೇಟಿನ ಪಕ್ಕ ದೊಡ್ಡದೊಂದು ಮಳೆಮರ, ಕಾಂಡದಲ್ಲಿ ಆಳೆತ್ತರದಲ್ಲಿ ಒಂದು ಪೊಟರೆ. ಪೋಷಕರ ಗ್ರೂಪಿನಲ್ಲಿ ಅರ್ಧ ಜನ ಕಡಿಸಿಬಿಡಿ ಎನ್ನುತ್ತಿದ್ದಾರೆ, ಉಳಿದವರು ಸಿಮೆಂಟ್ ತುಂಬಿಸೋಣ ಎನ್ನುತ್ತಿದ್ದಾರೆ, ಯಾವುದು ಸರಿ ಎಂದು ಕೇಳಿದ್ದರು.

ಎರಡೂ ಅವಸರದ ಮಾತು. ಯಾಕೆ ಎಂದು ತಿಳಿಯಲು ಮರದ ಒಳಗೆ ಸ್ವಲ್ಪ ಇಣುಕಬೇಕು.

ಜೀವ ಇರುವುದು ಹೊರಗಡೆ

ನಮ್ಮ ದೇಹದಲ್ಲಿ ಮುಖ್ಯ ಅಂಗಗಳೆಲ್ಲ ಒಳಗಿವೆ. ಹಾಗಾಗಿ ಮರದ ಜೀವವೂ ಅದರ ನಡುವಿನಲ್ಲಿದೆ ಎಂದುಕೊಳ್ಳುತ್ತೇವೆ. ವಾಸ್ತವ ಇದಕ್ಕೆ ಉಲ್ಟಾ. ಒರಟು ತೊಗಟೆಯ ಕೆಳಗೆ ಎಲೆಗಳಲ್ಲಿ ತಯಾರಾದ ಆಹಾರವನ್ನು ಬೇರಿನ ತನಕ ಒಯ್ಯುವ ಪದರವಿದೆ (ಫ್ಲೋಯಂ). ಅದರ ಒಳಮೈಗೆ ಅಂಟಿಕೊಂಡಂತೆ ಕೇಂಬಿಯಂ ಎಂಬ ತೀರಾ ತೆಳುವಾದ ಪೊರೆ. ಕಾಂಡ ದಪ್ಪವಾಗುವುದು ಇದರಿಂದಲೇ. ಹೊರಕ್ಕೆ ಹೊಸ ತೊಗಟೆ, ಒಳಕ್ಕೆ ಹೊಸ ಮರ ಕಟ್ಟುವುದು ಇದರ ಕೆಲಸ. ಅದರೊಳಗೆ ನೀರು ಸಾಗಿಸುವ ಹಸಿಮರ. ಇನ್ನೂ ಒಳಗೆ, ಬಡಗಿಗಳು ಇಷ್ಟಪಡುವ ಚೇಗು. ಚೇಗು ನೀರು ಸಾಗಿಸುವುದನ್ನು ನಿಲ್ಲಿಸಿದ, ಜೀವಕೋಶಗಳು ಸತ್ತಿರುವ ಭಾಗ. ಮರವನ್ನು ನಿಲ್ಲಿಸಲು ಅದು ನೆರವಾಗುತ್ತದೆ, ಬದುಕಿಸಲು ಅಲ್ಲ.

ಹಾಗಾಗಿಯೇ ಒಳಗೆಲ್ಲ ಟೊಳ್ಳಾದ ಹುಣಸೆಮರ ವರ್ಷವರ್ಷ ಕಾಯಿ ಬಿಡಬಲ್ಲದು. ಆದರೆ ಕಾಂಡದ ಸುತ್ತ ಒಂದು ಗೇಣು ಅಗಲ ತೊಗಟೆ ಪೂರ್ತಿ ಸುಲಿದರೆ ಗಟ್ಟಿಮುಟ್ಟಾದ ಮರವೂ ಸಾಮಾನ್ಯವಾಗಿ ಸಾಯುತ್ತದೆ, ಏಕೆಂದರೆ ಬೇರಿಗೆ ಊಟ ತಲುಪುವ ದಾರಿ ಕಡಿದುಹೋಗಿರುತ್ತದೆ. ಸೀರಿಯಲ್ ಲೈಟಿನ ತಂತಿಯನ್ನೋ ಸಸಿಗೆ ಹಾಕಿದ ಕಬ್ಬಿಣದ ಜಾಲರಿಯನ್ನೋ ಬಿಚ್ಚದೆ ಬಿಟ್ಟರೆ ಆಗುವುದೂ ಇದೇ, ನಿಧಾನವಾಗಿ.

ಮರ ಎತ್ತರ ಬೆಳೆಯುವುದು ತುದಿಗಳಲ್ಲಿ ಮಾತ್ರ. ಇಂದು ಐದು ಅಡಿ ಎತ್ತರದಲ್ಲಿ ಹೊಡೆದ ಮೊಳೆ ಇಪ್ಪತ್ತು ವರ್ಷಗಳ ನಂತರವೂ ಐದು ಅಡಿಯಲ್ಲೇ ಇರುತ್ತದೆ, ಮರದೊಳಗೆ ಹೂತುಹೋಗಿರುತ್ತದೆ ಅಷ್ಟೆ.

ತೆಂಗು, ಅಡಿಕೆಗಳ ಲೆಕ್ಕವೇ ಬೇರೆ. ಅವಕ್ಕೆ ಕೇಂಬಿಯಂ ಇಲ್ಲ. ತೆಂಗಿನ ಕಾಂಡಕ್ಕೆ ಮಚ್ಚಿನಿಂದ ಮಾಡಿದ ಕಚ್ಚು ಮುಚ್ಚುವುದೇ ಇಲ್ಲ. ಸುಳಿ ಹೋದರೆ ಮರವೇ ಹೋಯಿತು. ಮುಂದೆ ಹೇಳುವುದೆಲ್ಲ ಮಾವು, ಬೇವು, ಹೊಂಗೆ, ಮಳೆಮರದಂಥ ಮರಗಳಿಗೆ ಸಂಬಂಧಿಸಿದ್ದು.

ಗಾಯ ಮುಚ್ಚುತ್ತದೆ, ಮಾಯುವುದಿಲ್ಲ

ನಮ್ಮ ಕೈ ಕುಯ್ದರೆ ಆ ಜಾಗದಲ್ಲಿ ಹೊಸ ಜೀವಕೋಶಗಳು ಬಂದು ಗಾಯ ವಾಸಿಯಾಗುತ್ತದೆ. ಮರಕ್ಕೆ ಆ ಸಾಮರ್ಥ್ಯ ಇಲ್ಲ. ಗಾಯಗೊಂಡ ಅಂಗಾಂಶವನ್ನು ಅದು ರಿಪೇರಿ ಮಾಡುವುದಿಲ್ಲ, ಬದಲಿಗೆ ಅದರ ಸುತ್ತ ಗೋಡೆ ಕಟ್ಟಿ ಉಳಿದ ಭಾಗದಿಂದ ಬೇರ್ಪಡಿಸುತ್ತದೆ.

ಇದನ್ನು ಬಿಡಿಸಿ ತೋರಿಸಿದವರು ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ. ಅವರಿಗಿಂತ ಮುಂಚೆ ಕಾಂಡವನ್ನು ಅಡ್ಡಕ್ಕೆ ಕೊಯ್ದು ನೋಡುವುದೇ ಹೆಚ್ಚಾಗಿತ್ತು. ಶೈಗೊ ಚೈನ್‌ಸಾ ಹಿಡಿದು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿದರು. ಕೊಳೆತ ಎಲ್ಲಿಂದ ಹೊರಟು ಎಲ್ಲಿ ನಿಂತಿದೆ ಎಂಬುದು ಹಾಗೆ ಸೀಳಿದಾಗ ಕಾಣುತ್ತದೆ. ಸಹೋದ್ಯೋಗಿ ಮಾರ್ಕ್ಸ್ ಅವರೊಂದಿಗೆ 1977ರಲ್ಲಿ ಪ್ರಕಟಿಸಿದ ವಿವರಣೆಯಲ್ಲಿ ಅವರು ನಾಲ್ಕು ಗೋಡೆಗಳನ್ನು ಗುರುತಿಸಿದರು. ಮೇಲಕ್ಕೆ, ಕೆಳಕ್ಕೆ ಹರಡುವುದನ್ನು ತಡೆಯುವ ಗೋಡೆ ಅತಿ ದುರ್ಬಲ, ಅದಕ್ಕೇ ಕೊಳೆತ ಕಾಂಡದ ಉದ್ದಕ್ಕೂ ಹೋಗುತ್ತದೆ. ಒಳಕ್ಕೆ ಮತ್ತು ಪಕ್ಕಕ್ಕೆ ಹರಡದಂತೆ ತಡೆಯುವ ಎರಡು ಗೋಡೆಗಳು ಅದಕ್ಕಿಂತ ಗಟ್ಟಿ. ಗಾಯವಾದ ಮೇಲೆ ಕೇಂಬಿಯಂ ಹೊಸದಾಗಿ ಕಟ್ಟುವ ನಾಲ್ಕನೆಯ ಗೋಡೆ ಎಲ್ಲಕ್ಕಿಂತ ಬಲವಾದದ್ದು. ಗಾಯದ ದಿನ ಇದ್ದ ಹಳೆಯ ಮರ ಒಳಗೆ ಕೊಳೆತರೂ ಆಮೇಲೆ ಬೆಳೆದ ಹೊಸ ಮರಕ್ಕೆ ಕೊಳೆತ ದಾಟದಂತೆ ಇದು ತಡೆಯುತ್ತದೆ.

ಪೊಟರೆ ಎಂದರೆ ಬಹಳ ಸಲ ಇದೇ: ಮರ ಬಿಟ್ಟುಕೊಟ್ಟ ಹಳೆಯ ಭಾಗ. ಅದರ ಸುತ್ತಲಿನ ಗಟ್ಟಿ ಅಂಚು ಮರ ತಾನೇ ಕಟ್ಟಿದ ಗಡಿ.

ಈಗ ಸಿಮೆಂಟಿನ ವಿಷಯಕ್ಕೆ ಬರೋಣ. ಪೊಟರೆಗೆ ಕಾಂಕ್ರೀಟ್ ತುಂಬುವುದು ಒಂದು ಕಾಲಕ್ಕೆ ಗೌರವದ ಚಿಕಿತ್ಸೆಯೇ ಆಗಿತ್ತು. 1901ರಲ್ಲಿ ‘ದಿ ಟ್ರೀ ಡಾಕ್ಟರ್’ ಪುಸ್ತಕ ಬರೆದ ಜಾನ್ ಡೇವಿಯ ಕಾಲದ ಅಮೆರಿಕದಲ್ಲಿ ಹಲ್ಲಿಗೆ ಸಿಮೆಂಟ್ ತುಂಬಿದ ಹಾಗೆ ಮರಕ್ಕೂ ತುಂಬುತ್ತಿದ್ದರು. ಆ ಪದ್ಧತಿಯನ್ನು ವೃತ್ತಿಯವರೇ ಕೈಬಿಟ್ಟರು. ಮರ ಗಾಳಿಗೆ ಬಾಗುತ್ತದೆ, ಕಾಂಕ್ರೀಟ್ ಬಾಗುವುದಿಲ್ಲ. ಎರಡರ ನಡುವೆ ಬಿರುಕು ಬಿಟ್ಟು ನೀರು ನಿಲ್ಲುತ್ತದೆ, ಕೊಳೆತ ಮುಂದುವರಿಯುತ್ತದೆ, ಆದರೆ ಹೊರಗಿನಿಂದ ಕಾಣುವುದಿಲ್ಲ. ತುಂಬುವ ಮೊದಲು ಒಳಗಿನ ಕೊಳೆತವನ್ನು ಕೆರೆದು ‘ಸ್ವಚ್ಛ’ ಮಾಡುವಾಗ ಮರ ಕಷ್ಟಪಟ್ಟು ಕಟ್ಟಿದ ಗೋಡೆಯೇ ಒಡೆದುಹೋಗಬಹುದು. ನಮ್ಮ ಅಭಿಪ್ರಾಯದಲ್ಲಿ ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ: ಸಿಮೆಂಟ್ ನೋಡಿದ ಜನ ಮರ ಗಟ್ಟಿಯಾಯಿತು ಎಂದು ನಂಬಿ ಮತ್ತೆ ಅದರ ಕಡೆ ನೋಡುವುದೇ ಇಲ್ಲ.

ಡಾಂಬರು, ಪೇಂಟ್ ಬಳಿಯುವುದಕ್ಕೂ ಕೊಳೆತ ತಡೆಯುವ ಗುಣ ಇಲ್ಲ. ಆ ಲೇಪ ಒಣಗಿ ಬಿರಿದರೆ ಕೆಳಗೆ ತೇವ ಉಳಿದು ಶಿಲೀಂಧ್ರಕ್ಕೆ ಅನುಕೂಲವೇ ಆಗುತ್ತದೆ. ತೋಟದಲ್ಲಿ ಬಳಸುವ ಬೋರ್ಡೊ ಮುಲಾಮನ್ನು ಇದರ ಜೊತೆ ಸೇರಿಸಬೇಡಿ. ಅದು ನಿರ್ದಿಷ್ಟ ರೋಗಕ್ಕೆ ಕೃಷಿ ತಜ್ಞರು ಹೇಳುವ ಶಿಲೀಂಧ್ರನಾಶಕ, ರಸ್ತೆಬದಿಯ ಮರದ ಪ್ರತಿ ಗಾಯಕ್ಕೂ ಬಳಿಯುವ ಬಣ್ಣವಲ್ಲ.

ಹಾಗಾದರೆ ಟೊಳ್ಳು ಮರ ಬೀಳುವುದಿಲ್ಲವೆ?

ಬೀಳಬಹುದು. ಆದರೆ ಟೊಳ್ಳು ಎಂಬ ಒಂದೇ ಕಾರಣಕ್ಕೆ ಅಲ್ಲ. ಬಿದಿರು ಟೊಳ್ಳು, ಸೈಕಲ್ಲಿನ ಫ್ರೇಮೂ ಟೊಳ್ಳು. ಬಾಗದಂತೆ ತಡೆಯುವ ಕೆಲಸದಲ್ಲಿ ಹೊರ ಅಂಚಿನ ಪಾಲು ಹೆಚ್ಚು, ನಡುಭಾಗದ್ದು ತೀರಾ ಕಡಿಮೆ. 100 ಸೆಂ.ಮೀ. ವ್ಯಾಸದ ಕಾಂಡದ ನಟ್ಟನಡುವೆ 50 ಸೆಂ.ಮೀ. ವ್ಯಾಸದ ಟೊಳ್ಳಿದ್ದರೆ, ಲೆಕ್ಕದ ಪ್ರಕಾರ ಕಳೆದುಹೋಗುವ ಬಲ ಸುಮಾರು ಶೇ. 6 ಮಾತ್ರ. ಟೊಳ್ಳು 70 ಸೆಂ.ಮೀ. ಆದರೆ ಶೇ. 24. ಅಲ್ಲಿಂದ ಮುಂದೆ ಇಳಿಕೆ ಜೋರು: 90 ಸೆಂ.ಮೀ. ಆದರೆ ಮೂರನೇ ಎರಡು ಭಾಗ ಬಲ ಹೋಗಿರುತ್ತದೆ. ಹಾಗಾಗಿ ಉಳಿದ ಗೋಡೆಯ ದಪ್ಪ ಕಾಂಡದ ತ್ರಿಜ್ಯದ ಮೂರನೇ ಒಂದರಷ್ಟಾದರೂ ಇದೆಯೇ ಎಂದು ಮರ ತಜ್ಞರು ಮೊದಲು ನೋಡುತ್ತಾರೆ. ಇದು ಒಂದು ಅಂದಾಜು ಅಷ್ಟೆ. ಪೊಟರೆ ಒಂದು ಪಕ್ಕಕ್ಕೆ ದೊಡ್ಡದಾಗಿ ತೆರೆದಿದ್ದರೆ, ಅದರ ಬಾಯಿಯಿಂದ ಬಿರುಕು ಹೊರಟಿದ್ದರೆ ಈ ಲೆಕ್ಕ ನಡೆಯುವುದಿಲ್ಲ.

ನಡುಕಾಂಡವೇ ಇಲ್ಲದೆ ಬದುಕುವ ಮರಗಳೂ ಇವೆ. ಹೌರಾದ ಸಸ್ಯೋದ್ಯಾನದ ಪ್ರಸಿದ್ಧ ಆಲದ ಮರ 1864 ಮತ್ತು 1867ರ ಚಂಡಮಾರುತಗಳಲ್ಲಿ ಘಾಸಿಗೊಂಡು ಶಿಲೀಂಧ್ರಕ್ಕೆ ತುತ್ತಾಯಿತು. 1925ರಲ್ಲಿ ಅದರ ಮೂಲ ಕಾಂಡವನ್ನೇ ತೆಗೆದುಹಾಕಿದರು. ಮರ ಇಂದಿಗೂ ಬಿಳಲುಗಳ ಮೇಲೆ ಹರಡುತ್ತಿದೆ. ಬೆಂಗಳೂರಿನ ಹೊರವಲಯದ ದೊಡ್ಡ ಆಲದ ಮರದ ಕಥೆಯೂ ಹೀಗೆಯೇ. ಬಿಳಲು ಬಿಡುವ ಆಲಕ್ಕೆ ಇರುವ ಈ ಸೌಲಭ್ಯ ಮಳೆಮರಕ್ಕೆ, ಗುಲ್‌ಮೊಹರ್‌ಗೆ ಇಲ್ಲ ಎಂಬುದೂ ನೆನಪಿರಲಿ.

ಯಾರೂ ಫೋಟೊ ತೆಗೆಯದ ಜಾಗ

ಮುಂದಿನ ಸಲ ಬುಡಮೇಲಾದ ಮರದ ವಿಡಿಯೊ ಬಂದಾಗ ಕಾಂಡವನ್ನಲ್ಲ, ಬೇರನ್ನು ನೋಡಿ. ರಸ್ತೆಯ ಕಡೆ ಬೇರುಗಳು ಗೋಡೆಯಂತೆ ಸಪಾಟಾಗಿ ಕತ್ತರಿಸಿರುವುದು ಕಾಣಬಹುದು.

ಮರದ ಎತ್ತರದಷ್ಟೇ ಆಳಕ್ಕೆ ಬೇರು ಇಳಿದಿರುವ ಚಿತ್ರ ನೀವು ನೋಡಿರುತ್ತೀರಿ. ಮರ ಮೇಲೆ, ಅದರ ಪ್ರತಿಬಿಂಬ ನೆಲದೊಳಗೆ. ನೋಡಲು ಚೆಂದ, ಆದರೆ ಬಹುತೇಕ ಮರಗಳ ವಿಷಯದಲ್ಲಿ ತಪ್ಪು. ಬೇರುಗಳಿಗೂ ಆಮ್ಲಜನಕ ಬೇಕು, ಅದು ಸಿಗುವುದು ಮೇಲ್ಮಣ್ಣಿನಲ್ಲಿ. ಅದಕ್ಕೇ ಹೆಚ್ಚಿನ ಬೇರುಗಳು ಮೇಲಿನ ಒಂದು ಮೀಟರಿನಲ್ಲೇ ಇರುತ್ತವೆ, ಅಡ್ಡಕ್ಕೆ ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ಊಟದ ತಟ್ಟೆಯ ಮೇಲೆ ನಿಲ್ಲಿಸಿದ ಲೋಟದ ಚಿತ್ರ ಹೆಚ್ಚು ಹತ್ತಿರ.

ಚರಂಡಿಗೆ, ಕೇಬಲ್ಲಿಗೆ, ನೀರಿನ ಪೈಪಿಗೆ ಜೆಸಿಬಿ ಅಗೆಯುವುದು ಆ ಒಂದು ಮೀಟರನ್ನೇ. ಒಂದು ಪಕ್ಕದ ಬೇರು ಪೂರ್ತಿ ಹೋದರೂ ಮರ ಮರುದಿನವೇ ಬಾಡುವುದಿಲ್ಲ. ಕೂಡಿಟ್ಟ ಆಹಾರದಲ್ಲಿ ಒಂದೆರಡು ವರ್ಷ ಹಸಿರಾಗಿಯೇ ಇರಬಹುದು. ಆಮೇಲೊಂದು ಸಂಜೆ ಗಾಳಿಗೆ ಬೀಳುತ್ತದೆ. ಸುದ್ದಿಯಲ್ಲಿ ಗಾಳಿಯ ಹೆಸರು ಬರುತ್ತದೆ, ಅಗೆದವರದ್ದಲ್ಲ. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್‌.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನೆಟ್ಟ ಸಸಿಗಳು ಈಗ ನಲವತ್ತರ ಆಸುಪಾಸಿನ ಮರಗಳು. ಅವು ನೆಟ್ಟಾಗ ಇದ್ದ ಮಣ್ಣಿನ ದಾರಿ ಎಷ್ಟು ಕಡೆ ಉಳಿದಿದೆ?

ಬುಡದವರೆಗೆ ಕಾಂಕ್ರೀಟ್ ಹಾಕುವುದೂ ಉಸಿರುಗಟ್ಟಿಸುವ ಕೆಲಸವೇ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಯಬೇಕೆಂದು ಆದೇಶಿಸಿತ್ತು. ‘ನಮ್ಮೂರ ಅರಳಿಕಟ್ಟೆ ನೂರು ವರ್ಷದಿಂದ ಇದೆಯಲ್ಲ?’ ಎಂದು ಕೇಳುವಿರಿ. ಹಳೆಯ ಕಟ್ಟೆಗಳಲ್ಲಿ ಕಲ್ಲಿನ ಸಂದಿಯಿಂದ ನೀರು, ಗಾಳಿ ಇಳಿಯುತ್ತಿತ್ತು, ಅರಳಿಯೂ ಬಹಳ ತಾಳಿಕೆಯ ಮರ. ಈಗ ಜೀರ್ಣೋದ್ಧಾರವೆಂದು ಸಿಮೆಂಟ್ ಹಾಕಿ ಟೈಲ್ಸ್ ಮೆತ್ತಿದ ಕಟ್ಟೆಗಳ ಬಗ್ಗೆ ನಮಗೆ ಅಷ್ಟು ನೆಮ್ಮದಿಯಿಲ್ಲ.

ತಲೆ ಬೋಳಿಸಿದರೆ

ಎಲೆಯೇ ಮರದ ಅಡುಗೆಮನೆ. ಎಲ್ಲ ಕೊಂಬೆ ಒಮ್ಮೆಗೇ ತರಿದರೆ ಮರ ಉಪವಾಸ ಬೀಳುತ್ತದೆ, ದೊಡ್ಡ ದೊಡ್ಡ ಗಾಯಗಳಿಗೆ ಗೋಡೆ ಕಟ್ಟಲು ಬೇಕಾದ ಶಕ್ತಿಯೂ ಇರುವುದಿಲ್ಲ. ಗಾಬರಿಯಲ್ಲಿ ಅದು ಕಡಿದ ಮೊಂಡುಗಳಿಂದ ಕಟ್ಟುಕಟ್ಟು ಚಿಗುರು ಹೊರಡಿಸುತ್ತದೆ. ನೋಡಿದವರು ‘ಮರ ಚೆನ್ನಾಗಿ ಚೇತರಿಸಿಕೊಂಡಿತು’ ಎನ್ನುತ್ತಾರೆ. ಸಹಜ ಕೊಂಬೆಯ ಬುಡ ಕಾಂಡದೊಂದಿಗೆ ಪದರಪದರವಾಗಿ ಬೆಸೆದಿರುತ್ತದೆ. ಈ ಚಿಗುರುಗಳು ಹೊರಪದರಕ್ಕೆ ಅಂಟಿಕೊಂಡಿರುವುದಷ್ಟೆ. ಕೆಲವೇ ವರ್ಷಗಳಲ್ಲಿ ಅವು ಭಾರದ ಕೊಂಬೆಗಳಾಗುತ್ತವೆ, ಕೆಳಗಿನ ಮೊಂಡು ಅಷ್ಟರಲ್ಲಿ ಕೊಳೆಯುತ್ತಿರುತ್ತದೆ. ಅಪಾಯ ಕಡಿಮೆ ಮಾಡಲು ಮಾಡಿದ ಕೆಲಸ ಅಪಾಯವನ್ನು ಬೆಳೆಸುತ್ತದೆ.

ಹಾಗಂತ ಕೊಂಬೆ ಮುಟ್ಟಲೇಬಾರದು ಎಂದಲ್ಲ. ಒಣಗಿದ, ಬಿರುಕುಬಿಟ್ಟ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ತೆಗೆಯಬೇಕು. ಹಸಿ ಕೊಂಬೆಯಾದರೆ ಒಂದು ಸಲಕ್ಕೆ ಹಸಿರಿನ ಕಾಲುಭಾಗ ಮೀರಬಾರದು, ವಯಸ್ಸಾದ ಮರಕ್ಕೆ ಅದಕ್ಕಿಂತಲೂ ಕಡಿಮೆ. ಎಲ್ಲಿ ಕತ್ತರಿಸಬೇಕು ಎಂಬುದೇ ಮುಖ್ಯ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಅಂಗಿಯ ಕಾಲರಿನಂಥ ಒಂದು ಉಬ್ಬು ಇರುತ್ತದೆ. ಅದು ಕಾಂಡಕ್ಕೆ ಸೇರಿದ ಭಾಗ, ಗೋಡೆ ಕಟ್ಟುವ ಕೆಲಸ ನಡೆಯುವ ಜಾಗ. ಅದನ್ನು ಉಳಿಸಿ, ಅದರ ಹೊರಗೆ ಕತ್ತರಿಸಬೇಕು. ಕಾಂಡಕ್ಕೆ ಸಮವಾಗಿ ನುಣ್ಣಗೆ ಕೊಯ್ದರೆ ಕಾಲರ್ ಹೋಗಿ ಗಾಯ ದೊಡ್ಡದಾಗುತ್ತದೆ. ಮೊಳದುದ್ದ ಮೊಂಡು ಬಿಟ್ಟರೆ ಅದು ಸತ್ತು ಕೊಳೆತವನ್ನು ಒಳಗೆ ಕರೆಯುತ್ತದೆ.

ದಪ್ಪ ಕೊಂಬೆಗೆ ಮೂರು ಕೊಯ್ತ: ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಅರ್ಧಂಬರ್ಧ, ಅದರಿಂದ ಸ್ವಲ್ಪ ಹೊರಗೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೊಂಡನ್ನು ಕಾಲರಿನ ಹೊರಗೆ. ಮೊದಲನೆಯದನ್ನು ಬಿಟ್ಟರೆ ಕೊಂಬೆ ಬೀಳುವಾಗ ತೊಗಟೆಯನ್ನು ಕಾಂಡದುದ್ದಕ್ಕೂ ಸುಲಿದುಕೊಂಡು ಹೋಗುತ್ತದೆ. ಸರಿಯಾಗಿ ಕೊಯ್ದ ಜಾಗ ಕೆಲವು ವರ್ಷಗಳಲ್ಲಿ ಉದ್ದಿನವಡೆಯ ಹಾಗೆ ದುಂಡಗೆ ಸುತ್ತಿಕೊಂಡು ಮುಚ್ಚುತ್ತದೆ. ನಿಮ್ಮ ಬೀದಿಯ ಮರಗಳಲ್ಲಿ ಇಂಥ ವಡೆ ಎಷ್ಟಿವೆ, ಮೊಂಡು ಎಷ್ಟಿವೆ ಎಂದು ಎಣಿಸಿದರೆ ಕೊಯ್ದವರಿಗೆ ಕೆಲಸ ಗೊತ್ತಿತ್ತೋ ಇಲ್ಲವೋ ತಿಳಿಯುತ್ತದೆ.

ಇದನ್ನು ಓದಿ ಗರಗಸ ಹಿಡಿದು ಮರ ಹತ್ತಬೇಡಿ. ವಿದ್ಯುತ್ ತಂತಿಯ ಹತ್ತಿರವಂತೂ ಬೇಡವೇ ಬೇಡ. ಹಗ್ಗ, ಹೆಲ್ಮೆಟ್, ಚೈನ್‌ಸಾ ಬಳಸಿ ಕೆಲಸ ಮಾಡುವ ಆರ್ಬರಿಸ್ಟ್ ಎಂಬುದು ಹಲವು ದೇಶಗಳಲ್ಲಿ ಪ್ರಮಾಣಪತ್ರವಿರುವ ವೃತ್ತಿ. ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬೊರಿಕಲ್ಚರ್ ಅದಕ್ಕೆ ಪರೀಕ್ಷೆ ನಡೆಸುತ್ತದೆ. ನಮ್ಮಲ್ಲಿ ಆ ಕೆಲಸವನ್ನು ಹೆಚ್ಚಾಗಿ ಮಚ್ಚು ಹಿಡಿದ ದಿನಗೂಲಿಯವರಿಂದ, ಸುರಕ್ಷತಾ ಹಗ್ಗವೂ ಇಲ್ಲದೆ ಮಾಡಿಸುತ್ತೇವೆ. ಆಸಕ್ತಿಯಿರುವ ಯುವಕ ಯುವತಿಯರಿಗೆ ಇಲ್ಲಿ ಕಲಿಯಲೂ ದುಡಿಯಲೂ ಜಾಗವಿದೆ ಎಂದು ನಮಗನ್ನಿಸುತ್ತದೆ.

ಓದುಗರಿಗೆ ನಾವು ಹೇಳಿದ್ದು ಇಷ್ಟು. ಫೋಟೊ ನೋಡಿ ಮರದ ಭವಿಷ್ಯ ಹೇಳಲು ಆಗುವುದಿಲ್ಲ. ಮೊದಲು ಬುಡ ನೋಡಿ: ಒಂದು ಪಕ್ಕ ಮಣ್ಣು ಎದ್ದಿದೆಯೇ, ಬಿರಿದಿದೆಯೇ? ಇತ್ತೀಚೆಗೆ ಅಗೆದಿದ್ದಾರೆಯೇ? ಬುಡದಲ್ಲಿ ಬಟ್ಟಲಿನಂಥ ಗಟ್ಟಿ ಅಣಬೆ ಬಂದಿದೆಯೇ? ಮರ ಹೊಸದಾಗಿ ವಾಲಿದೆಯೇ? ಬಹಳ ಹಿಂದೆಯೇ ವಾಲಿದ ಮರದ ತುದಿ ಸಾಮಾನ್ಯವಾಗಿ ಮತ್ತೆ ನೇರಕ್ಕೆ ತಿರುಗಿರುತ್ತದೆ, ಅದು ಬೇರೆ. ಇವುಗಳಲ್ಲಿ ಒಂದು ಕಂಡರೂ ಗೇಟನ್ನು ತಾತ್ಕಾಲಿಕವಾಗಿ ಬೇರೆ ಕಡೆ ಮಾಡಿ, ಅಂದೇ ವೃಕ್ಷಾಧಿಕಾರಿಗೆ ಲಿಖಿತವಾಗಿ ತಿಳಿಸಿ. ಏನೂ ಕಾಣದಿದ್ದರೂ ಮಳೆಗಾಲಕ್ಕೆ ಮುಂಚೆ ಒಮ್ಮೆ ಪರಿಶೀಲಿಸಲು ಕೇಳಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ ಮರ ಕಡಿಯಲು ಅವರ ಅನುಮತಿ ಹೇಗೂ ಬೇಕು.

ಎರಡು ದಿನ ಬಿಟ್ಟು ಅವರಿಂದ ಇನ್ನೊಂದು ಫೋಟೊ ಬಂತು, ಈ ಸಲ ಬುಡದ್ದು. ಕಾಂಡಕ್ಕೆ ತಾಗಿದಂತೆಯೇ ಇಂಟರ್‌ಲಾಕ್ ಟೈಲ್ಸ್, ಎರಡಡಿ ಆಚೆ ಹೊಸ ಚರಂಡಿ. ಪೊಟರೆಯ ವಿಷಯ ಬಿಟ್ಟು ಆ ಚರಂಡಿಯ ಫೋಟೊವನ್ನೇ ದೂರಿನ ಜೊತೆ ಲಗತ್ತಿಸಿ ಎಂದು ಉತ್ತರಿಸಿದೆವು.