ಅಜ್ಜನ ಷೇರು ಪತ್ರ, ಹೆಣ್ಣುಮಕ್ಕಳ ಹಕ್ಕು

ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2025ರ ಅಕ್ಟೋಬರ್ 4ರಂದು ಗಾಂಧಿನಗರದಲ್ಲಿ 'ಆಪ್‌ಕಿ ಪೂಂಜಿ, ಆಪ್‌ಕಾ ಅಧಿಕಾರ್' ಅಭಿಯಾನ ಶುರು ಮಾಡಿದಾಗ ಒಂದು ಲೆಕ್ಕ ಹೇಳಿದರು. ದೇಶದಲ್ಲಿ ಯಾರೂ ಕೇಳದೆ ಬಿದ್ದಿರುವ ಹಣ ಸುಮಾರು 1.84 ಲಕ್ಷ ಕೋಟಿ ರೂಪಾಯಿ. ಬ್ಯಾಂಕ್ ಠೇವಣಿ, ವಿಮೆ, ಷೇರು, ಡಿವಿಡೆಂಡ್ ಎಲ್ಲ ಅದರಲ್ಲಿದೆ. ಡಿಸೆಂಬರ್‌ವರೆಗೆ ಜಿಲ್ಲಾ ಮಟ್ಟದ ಶಿಬಿರಗಳೂ ನಡೆದವು. ಇದು ದೊಡ್ಡ ಸಾಹುಕಾರರ ವಿಷಯ, ನಮಗೇನು ಎಂದು ಶಿಕಾರಿಪುರ, ಸೊರಬ ಕಡೆಯ ನಮ್ಮ ಮನೆಗಳವರು ಸುಮ್ಮನಿರಬಾರದು.

ಘಟ್ಟ ಹತ್ತಿ ಬಂದು ವ್ಯಾಪಾರ, ತೋಟ ಅಂತ ನೆಲೆ ನಿಂತ ನಮ್ಮ ಹಿರಿಯರು ಅಷ್ಟಿಷ್ಟು ಉಳಿಸಿದ್ದು ಊರಿನ ಬ್ಯಾಂಕುಗಳಲ್ಲೇ. ಆ ಬ್ಯಾಂಕುಗಳ ಬೋರ್ಡು ಈಗ ಇಲ್ಲ. ನಮ್ಮ ಜಿಲ್ಲೆಯ ಸಹ್ಯಾದ್ರಿ ಗ್ರಾಮೀಣ ಬ್ಯಾಂಕ್ 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನೊಳಗೆ ಹೋಯಿತು. ಅದೂ ಎರಡು ಮೂರು ಸಲ ಹೆಸರು ಬದಲಿಸಿ ಈಗ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ ಸೇರಿದವು. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಉಡುಪಿಯಲ್ಲಿ ಕಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಅದೇ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಕರಗಿತು. ಬ್ಯಾಂಕೇ ಇಲ್ಲ ಅಂದಮೇಲೆ ಈ ಪುಸ್ತಕ, ಪತ್ರ ಯಾಕೆ ಎಂದು ಮನೆ ಗುಡಿಸುವಾಗ ಬಿಸಾಡುವವರಿದ್ದಾರೆ. ಬಿಸಾಡಬೇಡಿ. ಕಾರ್ಪೊರೇಷನ್ ಬ್ಯಾಂಕಿನ 1000 ಷೇರಿಗೆ ಯೂನಿಯನ್ ಬ್ಯಾಂಕಿನ 330, ವಿಜಯಾದ 1000ಕ್ಕೆ ಬರೋಡಾದ 402 ಷೇರು ಎಂದು ಸರ್ಕಾರವೇ ನಿಗದಿ ಮಾಡಿದೆ. ಹೆಸರು ಹೋಗಿದೆ, ಹಕ್ಕು ಹೋಗಿಲ್ಲ.

ಹಾಗಾದರೆ ಹಣ ಎಲ್ಲಿದೆ? ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಏಳು ವರ್ಷ ಸತತ ಡಿವಿಡೆಂಡ್ ಪಡೆಯದಿದ್ದರೆ ಆ ಡಿವಿಡೆಂಡೂ ಷೇರೂ ಐಇಪಿಎಫ್ ಎಂಬ ಸರ್ಕಾರಿ ನಿಧಿಗೆ ಹೋಗುತ್ತವೆ. ಎರಡೂ ಕಡೆ ವಾರೀಸುದಾರರು ಯಾವಾಗ ಬೇಕಾದರೂ ಕೇಳಬಹುದು. ಠೇವಣಿ ಹುಡುಕಲು ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ 'ಉದ್ಗಮ್' ಎಂಬ ಪೋರ್ಟಲ್ ತೆರೆದಿದೆ. ಎಲ್ಲ ಬ್ಯಾಂಕೂ ಅದರಲ್ಲಿಲ್ಲ, ಹಾಗಾಗಿ ಗ್ರಾಮೀಣ ಮತ್ತು ಸಹಕಾರಿ ಬ್ಯಾಂಕಿನದ್ದಾದರೆ ಶಾಖೆಗೇ ಹೋಗಿ ಕೇಳಬೇಕು. ಮ್ಯಾಮ್ಕೋಸ್, ಕ್ಯಾಂಪ್ಕೋದಂಥ ಸಹಕಾರ ಸಂಘದ ಷೇರು ಇದ್ದರೆ ಆ ಸಂಘದ ಕಚೇರಿಯಲ್ಲೇ ವಿಚಾರಿಸಬೇಕು. ಅದು ಶೇರುಪೇಟೆಯ ಲೆಕ್ಕಕ್ಕೆ ಬರುವುದಿಲ್ಲ.

ಹುಡುಕುವಾಗ ನಮ್ಮವರಿಗೆ ಒಂದು ವಿಶೇಷ ತೊಂದರೆ ಇದೆ. ಪಾಸ್‌ಬುಕ್ಕಿನಲ್ಲಿ ಮೊಯ್ದಿನ್, ರೇಷನ್ ಕಾರ್ಡಿನಲ್ಲಿ ಮೊಹಿದ್ದೀನ್, ಆಧಾರಿನಲ್ಲಿ ಮುಹಿಯುದ್ದೀನ್. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಆದ್ದರಿಂದ ಬರೆಯುವ ಎಲ್ಲ ರೀತಿಯಲ್ಲೂ ಹುಡುಕಬೇಕು. ಒಬ್ಬರೇ ಎಂದು ತೋರಿಸುವ ಅಫಿಡವಿಟ್ ಮೊದಲೇ ಮಾಡಿಸಿಟ್ಟರೆ ಓಡಾಟ ಕಡಿಮೆ.

ಷೇರು ಪತ್ರವೇ ಕಳೆದಿದ್ದರೆ ಹಳೆಯ ಡಿವಿಡೆಂಡ್ ಚೀಟಿ, ಕಂಪನಿಯ ಕವರ್ ಹುಡುಕಿ. ಅದರಲ್ಲಿ ಫೋಲಿಯೋ ನಂಬರ್ ಇರುತ್ತದೆ. ಆ ನಂಬರಿನೊಂದಿಗೆ ಕಂಪನಿಯ ರಿಜಿಸ್ಟ್ರಾರರಿಗೆ ಬರೆಯಬೇಕು. ಮೊತ್ತಕ್ಕೆ ತಕ್ಕಂತೆ ಪೊಲೀಸ್ ದೂರಿನ ಪ್ರತಿ, ಅಫಿಡವಿಟ್, ಇಂಡೆಮ್ನಿಟಿ ಬಾಂಡ್ ಕೇಳುತ್ತಾರೆ. 2022ರಿಂದ ಹೊಸ ಕಾಗದದ ಪತ್ರ ಕೊಡುವುದಿಲ್ಲ, ಷೇರು ಡಿಮ್ಯಾಟ್ ಖಾತೆಗೇ ಬರುತ್ತದೆ. ಐಇಪಿಎಫ್‌ಗೆ ಹೋಗಿದ್ದರೆ ಐಇಪಿಎಫ್-5 ಅರ್ಜಿ ಹಾಕಬೇಕು. ಅರ್ಜಿಗೆ ಸರ್ಕಾರಿ ಶುಲ್ಕ ಇಲ್ಲ. ಅರ್ಧ ಪಾಲು ಕೊಡಿ, ಒಟಿಪಿ ಹೇಳಿ ಎನ್ನುವವರನ್ನು ಬಾಗಿಲಿನಿಂದಲೇ ಕಳುಹಿಸಿ. ಮೋಸ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಇನ್ನು ನಮ್ಮ ಮುಖ್ಯ ಮಾತು. ಹಣ ಸಿಕ್ಕಿತು ಅಂತಿಟ್ಟುಕೊಳ್ಳಿ, ಅದು ಯಾರದ್ದು? ಹೆಚ್ಚಿನ ಮನೆಗಳಲ್ಲಿ ನಾಮಿನಿ ಎಂದು ದೊಡ್ಡ ಮಗನ ಹೆಸರಿರುತ್ತದೆ. ಆತ ಹಣ ತೆಗೆದು ತನ್ನದೇ ಎಂದುಕೊಳ್ಳುತ್ತಾನೆ. ಮದುವೆಯಾಗಿ ಹೋದ ತಂಗಿಯಂದಿರಿಗೆ, ಕೆಲವೊಮ್ಮೆ ಉಮ್ಮನಿಗೂ ಸುದ್ದಿಯೇ ಇರುವುದಿಲ್ಲ. ಷೇರಿನ ನಾಮಿನಿ ಸಂಪೂರ್ಣ ಮಾಲೀಕನಲ್ಲ, ಉತ್ತರಾಧಿಕಾರದ ಕಾನೂನೇ ಮೇಲು ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್ 14ರಂದು ಶಕ್ತಿ ಯಜ್ದಾನಿ ಪ್ರಕರಣದಲ್ಲಿ ಹೇಳಿದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನಾಮಿನಿ ಅಮಾನತ್ ಹಿಡಿದವನು. ಮೊದಲು ಮಯ್ಯಿತ್ತಿನ ಖರ್ಚು, ಆಮೇಲೆ ಸಾಲ, ನಂತರ ಮೂರನೇ ಒಂದು ಭಾಗದೊಳಗಿನ ವಸಿಯ್ಯತ್. ಉಳಿದದ್ದನ್ನು ಹಂಚುವ ಪಾಲು ಸೂರತುನ್ನಿಸಾದಲ್ಲಿ ನಿಗದಿಯಾಗಿದೆ. ಮಕ್ಕಳಿದ್ದರೆ ಪತ್ನಿಗೆ ಎಂಟನೇ ಒಂದು, ಮಗನ ಪಾಲಿನ ಅರ್ಧ ಮಗಳಿಗೆ. ಇಪ್ಪತ್ತು ವರ್ಷ ಬಿಟ್ಟು ಸಿಕ್ಕಿದ ಹಣಕ್ಕೂ ಇದೇ ಲೆಕ್ಕ. ಠೇವಣಿಗೆ ಸೇರಿದ ಬಡ್ಡಿಯ ವಿಷಯ ಊರಿನ ಖತೀಬರ ಹತ್ತಿರ ಕೇಳಿ ತೀರ್ಮಾನಿಸಿ, ಅದೇ ನೆಪದಲ್ಲಿ ಅಸಲು ಬಿಡಬೇಡಿ.

ನಾಮಿನಿ ಇಲ್ಲದಿದ್ದರೂ ಹೆದರಬೇಕಿಲ್ಲ. 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷದವರೆಗೆ, ತಕರಾರಿಲ್ಲದ ಠೇವಣಿಗೆ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಕೇಳದೆ ಸರಳ ದಾಖಲೆಯಲ್ಲೇ ಇತ್ಯರ್ಥ ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಮರಣ ಪತ್ರ ಮತ್ತು ನಾಡಕಚೇರಿಯ ವಂಶವೃಕ್ಷ ಸಿದ್ಧ ಮಾಡಿಕೊಳ್ಳಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗದಂತೆ ನೋಡಿ. ಅನ್ಯಾಯ ಶುರುವಾಗುವುದು ಅಲ್ಲೇ.

ಸರ್ಕಾರ ಶಿಬಿರ ಮಾಡಿದ್ದು ಒಳ್ಳೆಯದೇ. ಆದರೆ ಆನವಟ್ಟಿಯ, ಶಿರಾಳಕೊಪ್ಪದ ವಿಧವೆಯೊಬ್ಬರು ಜಿಲ್ಲಾ ಕೇಂದ್ರದ ಶಿಬಿರಕ್ಕೆ ಹೋಗಿ ಪೋರ್ಟಲ್ ತೆರೆಸುವುದು ಸುಲಭದ ಮಾತಲ್ಲ. ಜಮಾಅತ್ ಕಮಿಟಿಗಳು ಜುಮಾದ ನಂತರ ಕಂಪ್ಯೂಟರ್ ಬಲ್ಲ ಇಬ್ಬರು ಹುಡುಗರನ್ನು ಕೂರಿಸಿದರೆ ಸಾಕು. ಅರ್ಜಿ ತುಂಬುವುದು ಅವರು, ಒಟಿಪಿ ಹಾಕುವುದು ಮನೆಯವರೇ.

ಬದುಕಿರುವವರೂ ತಮ್ಮ ಖಾತೆ, ಪಾಲಿಸಿ, ಷೇರು, ಕೊಟ್ಟ ಸಾಲ, ಪಡೆದ ಸಾಲ ಎಲ್ಲ ಒಂದು ಹಾಳೆಯಲ್ಲಿ ಬರೆದು ಮನೆಯ ಇಬ್ಬರಿಗೆ ತಿಳಿಸಿಡಿ. ಕುರ್‌ಆನಿನ ಅತಿ ಉದ್ದದ ಆಯತ್ ಸಾಲವನ್ನು ಬರೆದಿಡುವ ಬಗ್ಗೆಯೇ ಇದೆ ಎಂಬುದನ್ನು ನಮ್ಮ ಮದ್ರಸದ ಮಕ್ಕಳೂ ಬಲ್ಲರು. ಈ ವಾರವೇ ಒಂದು ಹಾಳೆ ತೆಗೆದುಕೊಳ್ಳೋಣ.